ದೇವರನ್ನು ನಂಬದ ಭೀಮನಿಗೆ ಒಂದು ಮಾತು

ಯಾವ ನಟಿಗೆ ಯಾವಾಗ ಮದುವೆ ಅಂತ ಕೇಳುವ ಕಾಗದಗಳ ನಡುವೆ ಸಿರುಗುಪ್ಪದಿಂದ ಒಂದು ಬೇರೆಯೇ ತರಹದ ಕಾಗದ ಬಂದಿದೆ. ಬರೆದವರು ಅಕ್ಕಿ ಗಿರಣಿಯಲ್ಲಿ ಹಮಾಲಿ. ಊರ ಬಯಲಾಟದಲ್ಲಿ ಭೀಮ. ದೇವರನ್ನು ನಂಬುವವರಲ್ಲ. ಆದರೆ ಕಳೆದ ಆಟದಲ್ಲಿ, ನಡುರಾತ್ರಿ ದಾಟಿ ಮದ್ದಳೆ ಏರಿದಾಗ, "ನಾನು ಇರಲಿಲ್ಲ ಸಾರ್, ಭೀಮನೂ ಇರಲಿಲ್ಲ, ಕುಣಿತ ಒಂದೇ ಇತ್ತು" ಅಂತಾರೆ. ಜೊತೆಯವರಿಗೆ ಹೇಳಿದ್ದಕ್ಕೆ, "ಅದಾ ದೇವ್ರಲೇ ತಮ್ಮಾ, ಒಪ್ಕೋ" ಅಂದರಂತೆ. ಒಪ್ಪದಿದ್ದರೆ ಮುಂದಿನ ಆಟಕ್ಕೆ ಗೆಜ್ಜೆ ಇಲ್ಲ ಅಂತಲೂ ಅಂದರಂತೆ! ಈಗ ಅವರ ಪ್ರಶ್ನೆ: ದೇವರಿಲ್ಲದ ಅಧ್ಯಾತ್ಮ ಅಂತ ಒಂದಿದೆಯೋ, ಇಲ್ಲಾ ಅದು ನಿದ್ದೆಗೆಟ್ಟ ತಲೆಯ ಭ್ರಮೆಯೋ?

ಉತ್ತರಕ್ಕೆ ದೂರ ಹೋಗಬೇಕಿಲ್ಲ ಗೆಳೆಯರೇ. ಬಳ್ಳಾರಿಯ ರಾಘವ ಕಲಾಮಂದಿರ ಗೊತ್ತಲ್ಲ? ಆ ಹೆಸರಿನ ಬಳ್ಳಾರಿ ರಾಘವ (1880–1946) ವಕೀಲರು. ಹಗಲು ಕೋರ್ಟು, ರಾತ್ರಿ ರಂಗ. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲದರಲ್ಲೂ ಅಭಿನಯ. 1939ರ ತೆಲುಗು ಚಿತ್ರ 'ರೈತುಬಿಡ್ಡ'ದಲ್ಲೂ ಇದ್ದರು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟದಲ್ಲಿದ್ದಾಗ ಅವರ ಮುಂದೆ 'ದೀನಬಂಧು ಕಬೀರ' ಎಂಬ ಹಿಂದಿ ನಾಟಕ ಆಡಿದರು. ಪ್ರಾರ್ಥನೆಯ ಹೊತ್ತಾಯಿತು ಅಂತ ಜೊತೆಯವರು ನೆನಪಿಸಿದರೆ, ಈಗ ನಡೀತಿರೋದೂ ಪ್ರಾರ್ಥನೆಯೇ ಅಲ್ಲವೇ ಎಂಬ ಅರ್ಥದ ಮಾತು ಗಾಂಧೀಜಿ ಆಡಿದರು ಎಂದು ರಂಗಭೂಮಿಯವರು ಹೇಳುತ್ತಾ ಬಂದಿದ್ದಾರೆ. ಹೊತ್ತು ತಪ್ಪದೆ ಪ್ರಾರ್ಥನೆ ಮಾಡುವ ಮನುಷ್ಯ ಅವರು. ಅಂಥವರು ನಾಟಕದ ಮುಂದೆ ಕೂತೇ ಇದ್ದರು!

"ಕಬೀರ ಸಂತ ಸಾರ್, ಅದು ಭಕ್ತಿಯ ಪಾತ್ರ" ಅಂತೀರಾ? ಒಪ್ಪಿದೆ. ಆದರೆ ಅದೇ ರಾಘವರು 'ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪು. ನಮ್ಮ ಡಾ. ರಾಜ್‌ಕುಮಾರ್ ಅವರನ್ನೇ ನೋಡಿ. 1962ರ 'ಮಹಾತ್ಮ ಕಬೀರ್'ನಲ್ಲಿ ಕಬೀರ, 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪು. ಹರಿ ಇಲ್ಲ ಅನ್ನುವ ಪಾತ್ರವನ್ನು ಅರೆಮನಸ್ಸಿನಿಂದ ಆಡಿದರೆ ಏನಾಗುತ್ತೆ? ಪ್ರಹ್ಲಾದನ ಭಕ್ತಿಯೂ ಸಪ್ಪೆಯಾಗುತ್ತೆ. ಕಂಬದ ಮುಂದೆ ನಿಂತವನು ಆ ಹೊತ್ತು ಪೂರಾ ಮನಸ್ಸಿನಿಂದ 'ಇಲ್ಲ' ಅನ್ನಬೇಕು. ಹಾಗಾದರೆ ಆ ನಟನ ತಲ್ಲೀನತೆ ಕಬೀರನ ಪಾತ್ರಕ್ಕಿಂತ ಕಡಿಮೆಯೇ? ಅಲ್ಲವೇ ಅಲ್ಲ. ಪಾತ್ರ ಏನನ್ನು ನಂಬುತ್ತದೆ ಅನ್ನೋದು ಒಂದು. ನಟ ತನ್ನನ್ನು ಎಷ್ಟು ಕೊಟ್ಟ ಅನ್ನೋದು ಇನ್ನೊಂದು.

ಇನ್ನೊಂದು ಸಾಕ್ಷಿ ನಿಮ್ಮ ನೆರೆಯ ಕುರುಗೋಡಿನಲ್ಲಿದೆ. ಅಲ್ಲಿಯ ದೊಡ್ಡಬಸಪ್ಪ ಒಂದೇ ಕಲ್ಲಿನ ಬಸವ. ಜಾತ್ರೆಗೆ ಜನ ಹರಿದು ಬರ್ತಾರೆ, ಕಾಯಿ ಒಡೀತಾರೆ. ಆದರೆ ಮೊದಲ ಉಳಿಯೇಟು ಬಿದ್ದ ದಿನ ಅಲ್ಲಿ ಇದ್ದದ್ದು ಬಂಡೆ. ಅದಕ್ಕೆ ಆರತಿ ಇಲ್ಲ, ಜಾತ್ರೆ ಇಲ್ಲ. ಇದ್ದದ್ದು ಒಬ್ಬ ಕೆಲಸಗಾರನ ಕಣ್ಣು, ಕೈ. ಒಂದೇಟು ಹೆಚ್ಚಾದರೆ ಮೂಗು ಹೋಯಿತು! ಆ ಎಚ್ಚರದಲ್ಲಿ 'ನಾನು' ಅನ್ನೋದಕ್ಕೆ ಜಾಗವೆಲ್ಲಿ? ಅವನು ಶಿವಭಕ್ತನೇ ಇದ್ದಿರಬಹುದು. ಆದರೂ ಉಳಿ ಕೇಳಿದ್ದು ಭಕ್ತಿಯನ್ನಲ್ಲ, ಗಮನವನ್ನು. ಪೂಜೆ ಆಮೇಲೆ ಬಂತು.

ನಮ್ಮ ಹಳೆಯ ಆಲಂಕಾರಿಕರು ರಸದ ಸವಿಯನ್ನು ಬ್ರಹ್ಮಾನಂದದ ಸಹೋದರ ಅಂದರು. ಜಾಣರು ನೋಡಿ! ಎರಡೂ ಒಂದೇ ಅನ್ನಲಿಲ್ಲ, ಒಂದು ಇನ್ನೊಂದರ ಆಳು ಅಂತಲೂ ಅನ್ನಲಿಲ್ಲ. ಅಣ್ಣತಮ್ಮಂದಿರು. ಒಂದೇ ಮನೆಯಲ್ಲೂ ಇರಬಹುದು, ಬೇರೆ ಬೇರೆ ಒಲೆಯನ್ನೂ ಹೂಡಬಹುದು.

ಆದ್ದರಿಂದ ಭೀಮಣ್ಣನವರೇ, ನಿಮಗಾದದ್ದು ಭ್ರಮೆಯಲ್ಲ. ಅದಕ್ಕೆ ದೇವರ ಹೆಸರಿಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ತಿಂಗಳುಗಟ್ಟಲೆ ಮೂಟೆ ಹೊತ್ತು ದಣಿದು ಬಂದು ರಾತ್ರಿ ತಾಲೀಮು ಮಾಡಿದ ಮೈ, ಕೊನೆಗೆ ಒಂದು ಗಳಿಗೆ ತನ್ನ ಭಾರ ಇಳಿಸಿತು. ಇದನ್ನು ಅಧ್ಯಾತ್ಮ ಅನ್ನೋಕೆ ನನಗೇನೂ ಅಡ್ಡಿಯಿಲ್ಲ.

ಆದರೆ ಒಂದು ಪರೀಕ್ಷೆ ಇದೆ, ಅದು ಬೆಳಗ್ಗೆ ಬಣ್ಣ ಅಳಿಸಿದ ಮೇಲೆ. ಶಿಳ್ಳೆ ಎಷ್ಟು ಬಿತ್ತು, ದುರ್ಯೋಧನನಿಗಿಂತ ನನಗೆ ಹೆಚ್ಚೋ ಕಡಿಮೆಯೋ ಅಂತ ಲೆಕ್ಕ ಶುರುವಾಯಿತೋ, ರಾತ್ರಿ ಹೋದ 'ನಾನು' ಬಡ್ಡಿ ಸಮೇತ ವಾಪಸ್ಸು ಬಂದ ಅಂತ ತಿಳೀರಿ. ಈ ಅಪಾಯ ನಂಬುವವರಿಗೂ ಇದೆ, ನಂಬದವರಿಗೂ ಇದೆ. ಬೆಳ್ಳಿತೆರೆಯ ದೊಡ್ಡ ದೊಡ್ಡವರಿಗಂತೂ ಇನ್ನೂ ಜಾಸ್ತಿ!

ಇನ್ನು ಗೆಜ್ಜೆಯ ಜಗಳ. ಜೊತೆಯವರನ್ನು ಹೀಗಳೆಯಬೇಡಿ. ಆಟಕ್ಕೆ ಮುಂಚೆ ಗಣಪತಿಗೆ ಕೈಮುಗಿಯೋದು ಅವರು 'ನಾನು' ಅನ್ನೋದನ್ನು ಕೆಳಗಿಡುವ ದಾರಿ. ನಿಮ್ಮದು ಕುಣಿತದ ದಾರಿ. ಅವರಿಗೆ ಹೇಳಿ: "ನಂಬಿಕೆ ಇದೆ ಅಂತ ಸುಳ್ಳು ಹೇಳಲಾರೆ. ಆದರೆ ಈ ಗೆಜ್ಜೆಯನ್ನು ನನಗಿಂತ ಮುಂಚೆ ಕಟ್ಟಿದವರಿಗೆ, ಹೆಜ್ಜೆ ಕಲಿಸಿದ ಮಾಸ್ತರಿಗೆ ಕೈಮುಗಿಯುತ್ತೇನೆ." ಅದರಲ್ಲಿ ನಿಮಗೆ ಸುಳ್ಳಿಲ್ಲ, ಅವರಿಗೆ ಅವಮಾನವಿಲ್ಲ. ಅಷ್ಟಕ್ಕೂ ಒಪ್ಪದೆ ಗೆಜ್ಜೆ ಕಸಿದುಕೊಂಡರೆ, ನಷ್ಟ ನಿಮ್ಮೊಬ್ಬರದಲ್ಲ. ಊರಿಗೇ ಒಬ್ಬ ಒಳ್ಳೆ ಭೀಮ ಕಡಿಮೆಯಾಗ್ತಾನೆ. ಈ ಮಾತನ್ನು ಅವರಿಗೂ ಓದಿ ಹೇಳಿ.