ಸೋರುವ ಮಾಳಿಗೆ ಮತ್ತು ಹೊಸ ಗಿಟಾರು

ಚಿಂಚೋಳಿ ಸೀಮೆಯ ಹಳೆಯ ಮನೆಗಳಲ್ಲಿ ‘ಮಾಳಿಗೆ’ ಎಂದರೆ ಮಹಡಿಯಲ್ಲ; ಮರದ ತೊಲೆ ಜಂತೆಗಳ ಮೇಲೆ ಮಣ್ಣು ಹರವಿ ಮಾಡಿದ ಸಮತಟ್ಟಾದ ಚಾವಣಿ. ಮುಂಗಾರಿಗೆ ಮುನ್ನ ಅದರ ಮೇಲೆ ಹೊಸ ಮಣ್ಣು ಹಾಕಿ ತುಳಿಯದಿದ್ದರೆ ಮಳೆಗಾಲದಲ್ಲಿ ಮನೆಯೊಳಗೆ ಹನಿ ತಪ್ಪದು. ಅಂಥ ಮನೆಯಲ್ಲಿ ಬಾಳಿದವರಿಗೆ ಶಿಶುನಾಳ ಷರೀಫರ ಸೋರುವ ಮಾಳಿಗೆಯ ಪದಕ್ಕೆ ಟೀಕೆ ಟಿಪ್ಪಣಿಗಳು ಬೇಕಿಲ್ಲ. ಸೋರುತ್ತಿರುವುದು ಮನೆಯೂ ಹೌದು, ಅಜ್ಞಾನ ಕವಿದ ಮನುಷ್ಯನೂ ಹೌದೆಂದು ಅವರು ಕೇಳಿದೊಡನೆ ಅರಿಯುತ್ತಾರೆ. ಬೆಂಗಳೂರಿನ ಕಾಂಕ್ರೀಟು ಸೂರಿನಡಿ ಬೆಳೆದ ತರುಣನಿಗೆ ಅದು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ 2008ರಲ್ಲಿ ಅನಿರೀಕ್ಷಿತವಾದ ಒಂದು ಉತ್ತರ ಬಂದಿತು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿ ವಿಜ್ಞಾನವನ್ನೂ ಭರತನಾಟ್ಯವನ್ನೂ ಕಲಿತು, ಕೊನೆಗೆ ಗಿಟಾರನ್ನು ಹಿಡಿದ ರಘು ದೀಕ್ಷಿತರು ತಮ್ಮ ತಂಡದ ಮೊದಲ ಧ್ವನಿಸಂಪುಟವನ್ನು ಆ ವರ್ಷ ಹೊರತಂದರು. ತಂಡದ ಹೆಸರು ‘ರಘು ದೀಕ್ಷಿತ್ ಪ್ರಾಜೆಕ್ಟ್’. ಹಿಂದಿ, ಇಂಗ್ಲಿಷ್ ಗೀತೆಗಳ ನಡುವೆ ಷರೀಫರ ಎರಡು ಪದಗಳು ಅದರಲ್ಲಿ ಸ್ಥಾನ ಪಡೆದವು: ಒಂದು ಈ ಮಾಳಿಗೆಯ ಪದ, ಇನ್ನೊಂದು ಗುಡುಗುಡಿಯ ಪದ.

ಸಂಪುಟ ಬೆಳಕು ಕಂಡದ್ದು ಸುಲಭವಾಗಿಯಲ್ಲ. ಸಿನಿಮಾ ಹಾಡಲ್ಲದ, ಒಂದೇ ಭಾಷೆಗೆ ಸೇರದ ಈ ಸಂಗೀತವನ್ನು ಮಾರುವುದೆಂತು ಎಂದು ಧ್ವನಿಮುದ್ರಣ ಸಂಸ್ಥೆಗಳು ವರ್ಷಗಟ್ಟಲೆ ಹಿಂಜರಿದವು. ಕಡೆಗೆ ಮುಂಬಯಿಯ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಇವರ ಗಾಯನವನ್ನು ಕೇಳಿ ಮೆಚ್ಚಿ, ತಮ್ಮದೇ ಆದ ‘ಕೌಂಟರ್ ಕಲ್ಚರ್’ ಸಂಸ್ಥೆಯ ಮೂಲಕ ಅದನ್ನು ಪ್ರಕಟಿಸಿತು. 2010ರಲ್ಲಿ ಬ್ರಿಟನ್ನಿನ ಬಿಬಿಸಿ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡರು ನಡೆಸಿಕೊಡುತ್ತಿದ್ದ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ತಂಡ ಹಾಡಿತು. 2011ರಲ್ಲಿ ಅಲ್ಲಿಯ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸ ಕಲಾವಿದರಿಗೆ ಮೀಸಲಾದ ತನ್ನ ಪ್ರಶಸ್ತಿಯನ್ನು ಇತ್ತು ಗೌರವಿಸಿತು. ಕಾಲಿಗೆ ಗೆಜ್ಜೆ ಕಟ್ಟಿ, ಬಣ್ಣದ ಲುಂಗಿಯುಟ್ಟು ಕುಣಿದು ಹಾಡುವ ಕನ್ನಡಿಗನನ್ನು ಪರದೇಶದ ರಸಿಕರು ಕೈತಟ್ಟಿ ಬರಮಾಡಿಕೊಂಡರು.

ಆದರೆ ಆ ಚಪ್ಪಾಳೆಯಿಂದಲೇ ಪದದ ವಿಮರ್ಶೆ ಮುಗಿದಂತಾಗದು. ಕನ್ನಡವರಿಯದ ಶ್ರೋತೃ ಮೆಚ್ಚುವುದು ಕಂಠವನ್ನು, ಲಯವನ್ನು, ಉತ್ಸಾಹವನ್ನು. ಪದದ ಒಳಗಿನ ತಿರುಳು ಉಳಿದಿದೆಯೇ ಎಂಬುದನ್ನು ಕನ್ನಡಿಗರೇ ನೋಡಬೇಕು. ಅನೇಕ ಮನೆಗಳಲ್ಲಿ ಈ ವಾದ ನಡೆದೇ ಇದೆ. ಟಿ. ಎಸ್. ನಾಗಾಭರಣರ 1990ರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಸಿ. ಅಶ್ವತ್ಥರು ಕೂಡಿಸಿದ ಸಂಗೀತ ಕಿವಿಯಲ್ಲಿ ನೆಲೆಸಿರುವ ಹಿರಿಯರು ‘ತತ್ವಪದಕ್ಕೆ ಇಷ್ಟು ಗದ್ದಲವೇಕೆ?’ ಎನ್ನುತ್ತಾರೆ. ಮಕ್ಕಳು ‘ಈ ಗದ್ದಲವಿಲ್ಲದಿದ್ದರೆ ನಾವು ಷರೀಫರನ್ನು ಕೇಳುತ್ತಲೇ ಇರಲಿಲ್ಲವಲ್ಲ!’ ಎನ್ನುತ್ತಾರೆ. ಇದು ನಮ್ಮಲ್ಲಿ ಮಾತ್ರ ಎದ್ದ ಜಗಳವೂ ಅಲ್ಲ. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರನ್ನು ಎತ್ತಿಕೊಂಡಾಗ ಸಭೆಯಿಂದ ಕೂಗಾಟ ಕೇಳಿಬಂದಿತ್ತು.

ಎರಡು ಪಕ್ಷಗಳಲ್ಲಿಯೂ ಹುರುಳಿದೆ. ಗುಡುಗುಡಿಯ ಪದದಲ್ಲಿ ಮನಸ್ಸೇ ಸಂಚಿ, ಕೊಚ್ಚಬೇಕಾದದ್ದು ಮೋಹ, ಹೊತ್ತಿಸಬೇಕಾದದ್ದು ಬುದ್ಧಿಯ ಬೆಂಕಿ. ಹೊಸ ಹಾಡಿಕೆಯ ಓಟಕ್ಕೆ ಸಿಲುಕಿ ಕುಣಿಯುವವನು ಹೊಗೆಯನ್ನು ಕಂಡು ಬೆಂಕಿಯನ್ನು ಮರೆಯುವ ಅಪಾಯವುಂಟು. ಮಾಳಿಗೆಯ ಪದದ ರೀತಿ ಬೇರೆ. ಅಲ್ಲಿ ಧ್ವನಿ ಮೆಲ್ಲನೆ ಆರಂಭವಾಗಿ ಕ್ರಮೇಣ ಏರುತ್ತದೆ. ವಾದ್ಯಗಳು ಮಾತಿಗೆ ಎಡೆಗೊಟ್ಟು ನಿಲ್ಲುತ್ತವೆ. ಕತ್ತಲೆಮನೆಯ ದಿಗಿಲು ಕೇಳುವವನ ಎದೆಗೆ ತಾಕುತ್ತದೆ. ಮಾಳಿಗೆಯನ್ನೇ ಕಾಣದವನಿಗೂ ಸೋರುವಿಕೆಯ ಅನುಭವವಾದರೆ ಗಿಟಾರು ತನ್ನ ಕೆಲಸವನ್ನು ಸಲ್ಲಿಸಿತೆಂದೇ ಹೇಳಬೇಕು.

ತತ್ವಪದಗಳು ಎಂದೂ ಒಂದೇ ಮತದ, ಒಂದೇ ವಾದ್ಯದ ಸ್ವತ್ತಾಗಿರಲಿಲ್ಲ. ಷರೀಫರಿಗೆ (1819–1889) ಗುರುವಾದವರು ಬ್ರಾಹ್ಮಣರಾದ ಗೋವಿಂದ ಭಟ್ಟರು. ಕಲಬುರಗಿಯ ಕಡೆಯವರೇ ಆದ ಕಡಕೋಳ ಮಡಿವಾಳಪ್ಪನವರ ಶಿಷ್ಯ ಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬರಿದ್ದರು. ಏಕತಾರಿ, ದಮ್ಮಡಿ, ತಾಳಗಳೊಡನೆ ರಾತ್ರಿಯಿಡೀ ನಡೆಯುವ ಭಜನೆಯಲ್ಲಿ ಹಾಡುಗಾರ ಪದವನ್ನು ನಡುವೆ ನಿಲ್ಲಿಸಿ ಅರ್ಥ ಬಿಡಿಸಿ ಹೇಳುವುದುಂಟು. ರಂಗದ ಮೇಲಿನ ಐದು ನಿಮಿಷದ ಹಾಡಿಗೆ ಆ ಅವಕಾಶವಿಲ್ಲ. ಕೊರತೆಯಿದ್ದರೆ ಅದು ಇಲ್ಲಿದೆ, ಗಿಟಾರಿನಲ್ಲಲ್ಲ.

ಆ ಕೊರತೆಯನ್ನು ತುಂಬುವುದು ಮನೆಯ ಹಿರಿಯರಿಗೆ ಸಾಧ್ಯ. ಮಗ ಈ ಹಾಡನ್ನು ಹಾಕಿದಾಗ ಧ್ವನಿ ತಗ್ಗಿಸೆಂದು ಗದರುವ ಬದಲು, ಮಾಳಿಗೆಯೆಂದರೇನು, ಅದು ಸೋರುವುದೇಕೆಂದು ಪಕ್ಕದಲ್ಲಿ ಕುಳಿತು ಹೇಳಿದರೆ ಸಾಕು. ಮಣ್ಣಿನ ಮಾಳಿಗೆಗೆ ವರ್ಷವರ್ಷವೂ ಹೊಸ ಮಣ್ಣು ಬೇಕು. ಕೆಳಗಿನ ತೊಲೆ ಮಾತ್ರ ಹಳೆಯದೇ. ಅದು ಗಟ್ಟಿಯಾಗಿದೆಯೇ ಎಂದು ನೋಡಿಕೊಳ್ಳುವುದು ಮನೆಯವರ ಹೊಣೆ.