ಬೊಮ್ಮನ ಹೆಸರು ಓದಬಲ್ಲವರು ಬೇಕು

ಪ್ರದೇಶಾಧ್ಯಯನ, ಅಂದರೆ ಒಂದು ಭೂಭಾಗದ ಇತಿಹಾಸ, ಧರ್ಮ, ರಾಜಕಾರಣ, ವ್ಯಾಪಾರಗಳನ್ನು ಬಿಡಿಬಿಡಿಯಾಗಿ ಹಂಚದೆ ಅಲ್ಲಿಯ ಭಾಷೆಯ ಮೂಲಕವೇ ಒಟ್ಟಾಗಿ ಕಲಿಯುವ ಶಿಸ್ತು, ಕರ್ನಾಟಕದ ಪದವಿ ತರಗತಿಗಳಿಗೆ ಬಹುಮಟ್ಟಿಗೆ ಅಪರಿಚಿತ. ಪಶ್ಚಿಮ ಏಷ್ಯಾವನ್ನು ಪ್ರಧಾನ ವಿಷಯವಾಗಿ ಓದುವ ಅವಕಾಶವನ್ನು ರಾಜ್ಯದ ವಿಶ್ವವಿದ್ಯಾಲಯಗಳು ಕಲ್ಪಿಸಬೇಕೆಂದೂ, ಅದನ್ನು ಬಯಸುವ ಮಕ್ಕಳನ್ನು ಹೆತ್ತವರು ತಡೆಯಬಾರದೆಂದೂ ನಾಡಿನ ಓದುಗರಲ್ಲಿ ಈ ಮನವಿ.

ಹನ್ನೆರಡನೆಯ ಶತಮಾನದಲ್ಲಿ ಇಂದಿನ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ, ಕಂಚು ಹಿತ್ತಾಳೆಯ ಸಾಮಾನು ಮಾಡಿಸುವ ಕಾರ್ಖಾನೆ ನಡೆಸುತ್ತ, ಅಡಿಕೆ, ಮೆಣಸು, ಕಬ್ಬಿಣಗಳನ್ನು ಏಡನ್ ಬಂದರಿಗೆ ಕಳುಹಿಸುತ್ತಿದ್ದನು. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿದ್ದವು. ಈ ವ್ಯವಹಾರದ ಪತ್ರಗಳು ಉಳಿದದ್ದು ಮಂಗಳೂರಿನಲ್ಲಲ್ಲ, ಕೈರೋದ ಯಹೂದಿ ಪ್ರಾರ್ಥನಾ ಮಂದಿರವೊಂದರ ಗೆನಿಜಾದಲ್ಲಿ, ಅಂದರೆ ದೇವರ ಹೆಸರಿರಬಹುದೆಂಬ ಭಯದಿಂದ ಹಳೆಯ ಕಾಗದಗಳನ್ನು ಹರಿಯದೆ ಸುಡದೆ ತುಂಬಿಡುವ ಕೋಣೆಯಲ್ಲಿ. ಅವುಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯದ ಆ ಲಿಪಿಯಲ್ಲಿ ಬೆನ್ ಯಿಜುವಿನ ಆಳಿನ ಹೆಸರು ಎರಡು ಮೂರು ಅಕ್ಷರಗಳಾಗಿ ಮಾತ್ರ ಉಳಿದು, ಅದನ್ನು ಹೇಗೆ ಉಚ್ಚರಿಸಬೇಕೆಂಬುದು ಪಶ್ಚಿಮದ ವಿದ್ವಾಂಸರಿಗೆ ಬಗೆಹರಿದಿರಲಿಲ್ಲ. ಲೇಖಕ ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ಕೃತಿಯ ಪ್ರಕಾರ, ತುಳು ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವಿನಿಂದ ಅದು ‘ಬೊಮ್ಮ’ ಎಂದು ತಿಳಿಯಿತು.

ಕರಾವಳಿಯವರ ಕಿವಿಗೆ ಅಪರಿಚಿತವಲ್ಲದ ಹೆಸರದು. ಆದರೂ ಪತ್ರವನ್ನು ಬಿಡಿಸಿ ಓದುವ ಕೆಲಸವೆಲ್ಲ ಹೊರಗಿನವರ ಪಾಲಾಯಿತು. ವಿಜಯನಗರದ ವಿಷಯದಲ್ಲಿಯೂ ಇದೇ ಕಥೆ: 1443ರಲ್ಲಿ ಅಲ್ಲಿಗೆ ಬಂದ ರಾಯಭಾರಿ ಅಬ್ದುರ್ ರಜಾಕ್ ಬರೆದದ್ದು ಪಾರ್ಸಿಯಲ್ಲಿ, ಆಮೇಲೆ ಬಂದ ಪ್ರವಾಸಿಗಳಾದ ಪಾಯೆಸ್ ಮತ್ತು ನೂನಿಜ್ ಬರೆದದ್ದು ಪೋರ್ಚುಗೀಸಿನಲ್ಲಿ, ಕನ್ನಡಿಗರು ಅವರನ್ನು ಬಲ್ಲದ್ದು ಹೆಚ್ಚಾಗಿ ಇಂಗ್ಲಿಷಿನ ಕಿಟಕಿಯಿಂದ. ಸ್ವಂತ ಮನೆಯ ದಸ್ತಾವೇಜನ್ನು ನೆರೆಯವರಿಂದ ಓದಿಸಿಕೊಳ್ಳುವ ಈ ಅಭ್ಯಾಸ ಎಷ್ಟು ಹಳೆಯದಾಯಿತೆಂದರೆ ಅದು ಕೊರತೆಯೆಂದೇ ತೋರುತ್ತಿಲ್ಲ.

ಈ ಶಿಸ್ತಿಗೆ ಕಳಂಕವಿಲ್ಲದಿಲ್ಲ. ಸೋವಿಯತ್ ಒಕ್ಕೂಟ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕ 1958ರ ಕಾನೂನಿನ ಮೂಲಕ ಇದಕ್ಕೆ ಹಣ ಸುರಿದದ್ದು ಜ್ಞಾನದಾಹದಿಂದಲ್ಲ, ರಕ್ಷಣೆಯ ಲೆಕ್ಕಾಚಾರದಿಂದ. ಆದರೆ ಗಲ್ಫ್ ದುಡಿಮೆಯಿಂದ ಮನೆ ಕಟ್ಟಿಕೊಂಡ ಭಟ್ಕಳ, ಉಡುಪಿ, ಮಂಗಳೂರುಗಳ ಕುಟುಂಬಗಳಿಗೆ ಆ ದೇಶಗಳ ಕಾರ್ಮಿಕ ಕಾಯಿದೆ, ರಾಜಕಾರಣ, ಆಡುಮಾತು ಅನ್ನದ ಪ್ರಶ್ನೆ.

ಕೆಲಸ ಸಿಗುತ್ತದೆಯೇ ಎಂಬ ಹೆತ್ತವರ ಪ್ರಶ್ನೆ ಅಲ್ಲಗಳೆಯುವಂಥದ್ದಲ್ಲ. ಎಂಜಿನಿಯರಿಂಗ್ ಪದವಿಯಷ್ಟು ಬಾಗಿಲುಗಳು ಇಲ್ಲಿಲ್ಲ. ಭಾಷೆ ಗಟ್ಟಿಯಿದ್ದರೆ ಅನುವಾದ, ಪತ್ರಿಕೋದ್ಯಮ, ರಫ್ತು ವ್ಯಾಪಾರಗಳಿವೆ. ವಿದೇಶಾಂಗ ಸೇವೆಗೆ ಆಯ್ಕೆಯಾದವರು ಹೇಗಿದ್ದರೂ ಒಂದು ವಿದೇಶಿ ಭಾಷೆ ಕಲಿಯಲೇಬೇಕು. ಭಾಷೆಯಿಲ್ಲದ ಪ್ರದೇಶಾಧ್ಯಯನವಾದರೋ ಹೆಸರಿಗಷ್ಟೆ. ಆದುದರಿಂದ ಅರಬ್ಬಿ ಅಥವಾ ಪಾರ್ಸಿಯನ್ನು ಮೊದಲ ವರ್ಷದಿಂದ ಕೊನೆಯವರೆಗೆ ಕಡ್ಡಾಯ ಮಾಡಿ, ಮೂಲದ ಒಂದು ಪತ್ರವನ್ನೋ ಪ್ರವಾಸಕಥನದ ಒಂದು ಭಾಗವನ್ನೋ ನೇರವಾಗಿ ಕನ್ನಡಕ್ಕೆ ತರುವುದನ್ನೇ ಅಂತಿಮ ಪ್ರಬಂಧವಾಗಿಸುವಂತೆ ವಿಶ್ವವಿದ್ಯಾಲಯಗಳಿಗೆ ಓದುಗರು ಬರೆಯಬೇಕು. ಇದಕ್ಕಾಗಿ ಕೈರೋಗೆ ಹೋಗಬೇಕಾಗಿಲ್ಲ: ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನಲ್ಲಿರುವ ಗೆನಿಜಾ ಪತ್ರಗಳ ಛಾಯಾಚಿತ್ರಗಳನ್ನು ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿ ತೆರೆದಿಟ್ಟಿದೆ.