ಚೆಂಡು ಎಸೆಯುವ ಕೈ

ಎಳ್ಳಮಾವಾಸ್ಯೆಗೆಂದು ಈ ಸಲ ಘಾಟಬೋರಾಳಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ನಮ್ಮ ಬೀದರ ಸೀಮೆಯಲ್ಲಿ ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ, ಬೇವಿನ ಮರದ ನೆರಳಿನಲ್ಲಿ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಗಳ ಊಟ ಮುಗಿಸಿ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಅಕ್ಕನ ಮಗ ಎದುರಿಗೆ ಬಂದು ನಿಂತ. ಒಂದು ಕೈಯಲ್ಲಿ ದಾಂಡು, ಇನ್ನೊಂದರಲ್ಲಿ ರಬ್ಬರು ಚೆಂಡು.

"ಮಾಮಾ, ನನಗ ಬಾಲ್ ಹಾಕ್ರಿ."

ಹೊಲದ ಅಂಚಿನಲ್ಲಿ ಬೀಳು ಬಿಟ್ಟ ಒಂದಿಷ್ಟು ನೆಲವಿತ್ತು. ಎದ್ದು ಹೋದೆ. ಹುಡುಗ ಚೆನ್ನಾಗಿಯೇ ಬಾರಿಸಿದ. ಇಪ್ಪತ್ತು ಚೆಂಡುಗಳಾಗುವಷ್ಟರಲ್ಲಿ ನನ್ನ ತೋಳು ನನ್ನ ಮಾತು ಕೇಳದಾಯಿತು. "ಇನ್ನ ಹತ್ತ ಹಾಕ್ರಿ, ಮಾಮಾ" ಎಂದು ಅವನು ಅಂಗಲಾಚಿದರೂ ಕೇಳದೆ ಮರಳಿ ಬೇವಿನ ಬುಡಕ್ಕೆ ಬಂದು ಕುಳಿತೆ. ಅಲ್ಲಿ ಭಾವನವರ ಪ್ರಶ್ನೆ ಕಾದಿತ್ತು: "ದಿನಾ ಇದೇ ಆಟ. ಇದರಿಂದ ರೊಟ್ಟಿ ಹುಟ್ತದೇನ್ರಿ, ಮಾಸ್ತರ್?"

ಉತ್ತರ ಹೇಳಲು ಬಾಯಿ ತೆರೆದವನಿಗೆ ಹೊಳೆದದ್ದು ಬೇರೆಯೇ ಒಂದು ಪ್ರಶ್ನೆ. ಆಡುವವನಿಗೆ ರೊಟ್ಟಿ ಹುಟ್ಟುವುದೋ ಇಲ್ಲವೋ, ಅದಿರಲಿ; ಆಡುವವನಿಗೆ ದಿನವೂ ಚೆಂಡು ಎಸೆಯುವವನು ಯಾರು? ಪಂದ್ಯದ ಅಂಕಪಟ್ಟಿಯಲ್ಲಿ ದಾಂಡಿಗನಿಗೊಂದು ಸಾಲುಂಟು, ಬೋಲರನಿಗೊಂದು ಸಾಲುಂಟು, ಕ್ಯಾಚು ಹಿಡಿದವನ ಹೆಸರೂ ಉಂಟು. ಬಾರಿಸುವುದನ್ನು ಕಲಿಸಿದವನಿಗೆ ಅಲ್ಲಿ ಸ್ಥಳವಿಲ್ಲ. ಆದರೂ ಇಂದು ಅದು ಒಂದು ಪೂರ್ಣ ವೃತ್ತಿ.

ಕುಮಟೆಯ ರಾಘವೇಂದ್ರರನ್ನು ವಾಚಕರಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆ. ತಂಡದವರಿಗೆಲ್ಲ ಅವರು 'ರಘು'. ಆಟಗಾರನಾಗುವ ಹಂಬಲದಿಂದ ಕರಾವಳಿಯ ಊರು ಬಿಟ್ಟು ಹುಬ್ಬಳ್ಳಿಗೆ, ಅಲ್ಲಿಂದ ಬೆಂಗಳೂರಿಗೆ ಬಂದವರು. ಆಟಗಾರರಾಗಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ದಾಂಡಿಗರಿಗೆ ಚೆಂಡು ಎಸೆಯುತ್ತ ನಿಂತರು. 2011ರಲ್ಲಿ ಭಾರತ ತಂಡವನ್ನೇ ಸೇರಿದರು. ಅವರ ಕೈಯಲ್ಲಿರುವುದು ಉದ್ದ ಹಿಡಿಯ ಸೌಟಿನಂಥ ಒಂದು ಸಾಧನ. 'ಸೈಡ್ ಆರ್ಮ್' ಎಂದು ಅದರ ಹೆಸರು. ತುದಿಯ ಬಟ್ಟಲಿನಲ್ಲಿ ಚೆಂಡನ್ನಿಟ್ಟು ಬೀಸಿದರೆ, ತೋಳೇ ಉದ್ದವಾದಂತಾಗಿ, ಓಡಿಬಂದು ದಣಿಯುವ ಶ್ರಮವಿಲ್ಲದೆ ಚೆಂಡಿಗೆ ಗಂಟೆಗೆ ಸುಮಾರು 150 ಕಿಲೋಮೀಟರಿನ ವೇಗ ಬರುತ್ತದೆ. ಆ ವೇಗದ ಚೆಂಡು ದಾಂಡಿಗನನ್ನು ಮುಟ್ಟಲು ಅರ್ಧ ಸೆಕೆಂಡೂ ಬೇಡ. ಅಷ್ಟರೊಳಗೆ ನೋಡಬೇಕು, ನಿರ್ಧರಿಸಬೇಕು, ಹೆಜ್ಜೆ ಇಡಬೇಕು. ಇದು ಉಪದೇಶದಿಂದ ಬರುವ ವಿದ್ಯೆಯಲ್ಲ. ದಿನಕ್ಕೆ ನೂರಾರು ಸಲ ಎದುರಿಸಿದರೆ ಮಾತ್ರ ಮೈಗೂಡುವಂಥದು. ವೇಗದ ಬೋಲಿಂಗನ್ನು ತಾವು ಆಡಬಲ್ಲವರಾದದ್ದರಲ್ಲಿ ರಘು ಅವರ ಪಾಲು ದೊಡ್ಡದೆಂದು ವಿರಾಟ್ ಕೊಹ್ಲಿಯವರೇ ಬಹಿರಂಗವಾಗಿ ಹೇಳಿದ್ದಾರೆ.

ಅದೇ ರಘು 2022ರ ನವೆಂಬರಿನಲ್ಲಿ ಇನ್ನೊಂದು ಕಾರಣಕ್ಕೆ ಸುದ್ದಿಯಾದರು. ಅಡಿಲೇಡಿನಲ್ಲಿ ಬಾಂಗ್ಲಾದೇಶದೊಡನೆ ವಿಶ್ವಕಪ್ ಪಂದ್ಯ, ನಡುವೆ ಮಳೆ. ಮೈದಾನ ಒದ್ದೆಯಾಗಿ ಆಟಗಾರರ ಬೂಟುಗಳಿಗೆ ಕೆಸರು ಮೆತ್ತಿದಾಗ, ಈ ಮನುಷ್ಯ ಕೈಯಲ್ಲೊಂದು ಬ್ರಷ್ಷು ಹಿಡಿದು ಗಡಿಯ ಸುತ್ತ ಓಡಾಡುತ್ತ, ಯಾರೂ ಜಾರಿ ಬೀಳದಿರಲೆಂದು ಅವರ ಬೂಟಿನ ಅಡಿಗಳನ್ನು ಉಜ್ಜುತ್ತಿದ್ದರು. ಅದು ತನ್ನ ಕೆಲಸವೇ ಅಲ್ಲವೇ ಎಂದು ಅವರು ಯೋಚಿಸುತ್ತ ನಿಂತಂತೆ ಕಾಣಲಿಲ್ಲ.

ಚೆಂಡು ಎಸೆಯುವುದು ಈ ವೃತ್ತಿಯ ಒಂದು ಮುಖ, ತಿದ್ದುವುದು ಇನ್ನೊಂದು. ಬೆಂಗಳೂರಿನ ಜೆ. ಅರುಣ್‌ಕುಮಾರ್ 1990ರ ದಶಕದಲ್ಲಿ ಕರ್ನಾಟಕದ ಆರಂಭಿಕ ದಾಂಡಿಗರಾಗಿ ರಣಜಿ ಟ್ರೋಫಿ ಗೆದ್ದ ತಂಡಗಳಲ್ಲಿದ್ದವರು. ಭಾರತ ತಂಡದ ಬಾಗಿಲು ಮಾತ್ರ ಅವರಿಗೆ ತೆರೆಯಲಿಲ್ಲ. ಮುಂದೆ ಅವರು ಕಲಿಸಲು ನಿಂತರು. ಅವರು ತರಬೇತುದಾರರಾಗಿದ್ದಾಗ 2013-14 ಮತ್ತು 2014-15ರಲ್ಲಿ ಕರ್ನಾಟಕ ಎರಡು ಸಲ ಬೆನ್ನುಬೆನ್ನಿಗೆ ರಣಜಿ ಗೆದ್ದಿತು. ಎರಡನೆಯ ಫೈನಲಿನಲ್ಲಿ, ಮುಂಬಯಿಯಲ್ಲಿ ತಮಿಳುನಾಡಿನ ವಿರುದ್ಧ, ಕರುಣ್ ನಾಯರ್ 328 ರನ್ನು ಬಾರಿಸಿದರು. ದಾಖಲೆಯ ಪುಸ್ತಕದಲ್ಲಿ ಆ 328ರ ಎದುರಿಗೆ ಒಂದೇ ಹೆಸರಿದೆ. ಇರಬೇಕಾದ್ದೂ ಅಷ್ಟೇ ಅನ್ನಿ.

2020ರಲ್ಲಿ ಅರುಣ್‌ಕುಮಾರರನ್ನು ತರಬೇತುದಾರರನ್ನಾಗಿ ಕರೆದುಕೊಂಡ ದೇಶ ಅಮೆರಿಕ. ದಾಂಡು-ಚೆಂಡು ಎಂದರೆ ಬೇಸ್‌ಬಾಲ್ ಎಂದೇ ತಿಳಿಯುವ ನಾಡು ಅದು. ಬಾರಿಸುವುದನ್ನು ಕಲಿಸಲು ಪ್ರತ್ಯೇಕ ಶಿಕ್ಷಕನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಪದ್ಧತಿ ಆ ಆಟದಲ್ಲಿ ಹಳೆಯದು. ಅಲ್ಲಿ ಚಾರ್ಲಿ ಲಾವ್ ಎಂಬೊಬ್ಬರಿದ್ದರು. ಆಟಗಾರರಾಗಿ ಸಾಧಾರಣರು, ದಾಂಡು ಹಿಡಿದ ನೂರು ಸರದಿಗಳಲ್ಲಿ ಇಪ್ಪತ್ತೈದರಷ್ಟು ಸಲ ಮಾತ್ರ ಸಫಲರಾದವರು. ಆದರೆ 1970ರ ದಶಕದಲ್ಲಿ ಕನ್ಸಾಸ್ ಸಿಟಿಯ ತಂಡದಲ್ಲಿ ಅವರು ಜಾರ್ಜ್ ಬ್ರೆಟ್ ಎಂಬ ತರುಣನನ್ನು ಕೈಗೆತ್ತಿಕೊಂಡು, ನಿಲುವು, ಮೈಭಾರ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಸಾಗುವ ಲಯ ಇವನ್ನೆಲ್ಲ ಮೊದಲಿನಿಂದ ತಿದ್ದಿದರು. 1980ರಲ್ಲಿ ಬ್ರೆಟ್ ನೂರಕ್ಕೆ ಮೂವತ್ತೊಂಬತ್ತರ ಪ್ರಮಾಣದಲ್ಲಿ ಬಾರಿಸಿ ದೇಶವನ್ನೇ ಬೆರಗುಗೊಳಿಸಿದರು. ಅಷ್ಟು ಹೊತ್ತಿಗೆ ಗುರು ಆ ತಂಡದಲ್ಲಿರಲಿಲ್ಲ. ಬೇರೊಂದು ತಂಡದ ಕೆಲಸದಲ್ಲಿದ್ದರು. ಈ ಉದ್ಯೋಗದ ಪಾಡೇ ಅಂಥದು. ತಂಡ ಸೋಲತೊಡಗಿದರೆ ಹನ್ನೊಂದು ಮಂದಿಯನ್ನು ಬದಲಿಸುವುದು ಕಷ್ಟ. ಶಿಕ್ಷಕನೊಬ್ಬನನ್ನು ಬದಲಿಸುವುದು ಸುಲಭ.

ತನಗೆ ಬಾರದ್ದನ್ನು ಇನ್ನೊಬ್ಬನಿಗೆ ಬರಿಸುವುದು ಸಾಧ್ಯವೆ ಎಂದು ನಗುವವರುಂಟು. ಕವಿತೆ ಬರೆಯಲಾರದ ನಾನು ಹತ್ತು ವರ್ಷಗಳಿಂದ ಕಾವ್ಯವನ್ನು ಪಾಠ ಹೇಳುತ್ತಿದ್ದೇನೆ. ಈ ನಗು ನನಗೆ ಹೊಸದಲ್ಲ. ತನಗೆ ಸುಲಭವಾಗಿ ಒಲಿದ ವಿದ್ಯೆಯ ಒಳಗುಟ್ಟನ್ನು ಮನುಷ್ಯ ಹುಡುಕಲು ಹೋಗುವುದಿಲ್ಲ. ಎಡವಿ ಎಡವಿ ನಡೆದವನಿಗೆ ದಾರಿಯ ಕಲ್ಲುಗಳೆಲ್ಲ ಪರಿಚಿತ.

ಹಾಗೆಂದು ದೊಡ್ಡ ಆಟಗಾರ ಒಳ್ಳೆಯ ಗುರುವಾಗಲಾರನೆಂದಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲಿ ಕೇಕಿ ತಾರಾಪೂರ್ ಅವರ ಕಣ್ಣಿಗೆ ಬಿದ್ದ ಒಬ್ಬ ಹುಡುಗ ಮುಂದೆ ಟೆಸ್ಟ್ ಪಂದ್ಯಗಳಲ್ಲಿ 13,288 ರನ್ನು ಕೂಡಿಸಿದ. ಆ ರಾಹುಲ್ ದ್ರಾವಿಡ್ ಕಲಿಸುವ ಕೆಲಸಕ್ಕೆ ಇಳಿದು, 2018ರಲ್ಲಿ ಹತ್ತೊಂಬತ್ತರೊಳಗಿನ ಹುಡುಗರಿಂದ ವಿಶ್ವಕಪ್ ಗೆಲ್ಲಿಸಿದಾಗ, ಕ್ರಿಕೆಟ್ ಮಂಡಲಿ ಅವರಿಗೆ 50 ಲಕ್ಷ ರೂಪಾಯಿಗಳನ್ನೂ ಸಹಾಯಕರಿಗೆ ತಲಾ 20 ಲಕ್ಷವನ್ನೂ ಘೋಷಿಸಿತು. ಈ ತಾರತಮ್ಯ ಸಲ್ಲದೆಂದರು ದ್ರಾವಿಡ್. ಕೊನೆಗೆ ಎಲ್ಲರಿಗೂ ಸಮನಾಗಿ 25 ಲಕ್ಷವೆಂದಾಯಿತು. ತನ್ನ ಪಾಲಿನ ಅರ್ಧವನ್ನು ಬಿಟ್ಟುಕೊಟ್ಟ ಆ ಲೆಕ್ಕ, ಚೆಂಡು ಎಸೆಯುವ ಕೈಗಳ ಬೆಲೆಯನ್ನು ಅರಿತವರ ಲೆಕ್ಕ.

ಭಾವನವರಿಗೆ ಇದನ್ನೆಲ್ಲ ಹೇಳಿದೆ. ಅವರು ತಂಬಿಗೆಯ ನೀರು ಕುಡಿದು, "ಲಕ್ಷ ಮಂದ್ಯಾಗ ನಾಕ ಮಂದಿ ಸುದ್ದಿ ಹೇಳಿದ್ರಿ. ಉಳಿದವರ ಗತಿ?" ಎಂದರು. ನ್ಯಾಯವಾದ ಮಾತು. ಮಗನನ್ನು ಸಾಕುವ ರೈತ ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಹುಡುಗ ಶಾಲೆ ಬಿಡಬಾರದೆಂದು ಇಬ್ಬರೂ ಒಪ್ಪಿದೆವು. ಆದರೆ ಬೇಕೆಂದವನಿಗೆ ಇನ್ನೂ ಹತ್ತು ಚೆಂಡು ಎಸೆಯದೆ ನಾನು ಎದ್ದುಬಂದದ್ದಕ್ಕೆ ಲಕ್ಷದ ಲೆಕ್ಕ ಸಮಾಧಾನವಾಗಲಿಲ್ಲ.

ಮರುದಿನ ಬೆಳಗ್ಗೆ ಹುಮನಾಬಾದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಹುಡುಗನನ್ನು ಎಬ್ಬಿಸಿಕೊಂಡು ಬಯಲಿಗೆ ಹೋದೆ. ಎಣಿಸಿ ಅರವತ್ತು ಚೆಂಡು ಎಸೆದೆ. ಮೊದಲ ಇಪ್ಪತ್ತರಲ್ಲಿ ನನಗೆ ಕಂಡದ್ದು ಚೆಂಡು ಎಷ್ಟು ದೂರ ಹೋಯಿತೆಂಬುದು ಮಾತ್ರ. ನಲವತ್ತರ ಸುಮಾರಿಗೆ ಅವನ ಎಡಗಾಲು ಕಾಣಿಸಿತು: ಚೆಂಡಿನ ಕಡೆಗೆ ಸಾಗುವ ಬದಲು ಪ್ರತಿ ಸಲವೂ ಹೊರಕ್ಕೆ ಸರಿಯುತ್ತಿತ್ತು. ಹೇಳಿದೆ. ಮೂರು ಸಲ ತಪ್ಪಿದ. ನಾಲ್ಕನೆಯದು ದಾಂಡಿನ ನಡುವಿಗೆ ತಾಗಿ ನೆಲಕ್ಕಂಟಿಕೊಂಡು ಹರಿಯಿತು. ಅವನು ತಲೆಯೆತ್ತಿ ನನ್ನ ಮುಖ ನೋಡಿದ. ತರಗತಿಯಲ್ಲಿ ವರ್ಷಕ್ಕೊಮ್ಮೆಯೋ ಎರಡು ಸಲವೋ ಅಂಥ ನೋಟ ನನಗೆ ಸಿಕ್ಕುವುದುಂಟು.

ಬಸ್ಸು ಹೊರಟಾಗ ಕಿಟಕಿಯಿಂದ ಆ ಬಯಲು ಕಂಡಿತು. ದಾಂಡು ಈಗ ನೆರೆಮನೆಯ ಚಿಕ್ಕವನ ಕೈಯಲ್ಲಿತ್ತು. ಅಕ್ಕನ ಮಗ ಚೆಂಡು ಎಸೆಯುತ್ತ, ಅವನ ಕಾಲಿನ ಕಡೆಗೆ ಬೆರಳು ಮಾಡಿ ಏನೋ ಹೇಳುತ್ತಿದ್ದ. ಭುಜ ನೋಯುತ್ತಿತ್ತು. ಮುಂದಿನ ರಜೆಗೆ ಎಷ್ಟು ದಿನಗಳಿವೆಯೆಂದು ಲೆಕ್ಕ ಹಾಕತೊಡಗಿದೆ.